‘ಯಾರಿಗೂ ಭಾರ ಆಗಬಾರದು’: ಮುಪ್ಪಿನ ಬಗ್ಗೆ ಕ್ರೈಸ್ತ ನಂಬಿಕೆ ಏನನ್ನುತ್ತದೆ?

ದಾವಣಗೆರೆಯಲ್ಲಿ ಭಾನುವಾರದ ಪೂಜೆ ಮುಗಿದ ಮೇಲೆ ಚರ್ಚ್ ಮೆಟ್ಟಿಲ ಹತ್ತಿರ ನಿಂತು ವಯಸ್ಸಾದವರ ಮಾತು ಕೇಳಿ. ಬಿ.ಪಿ. ಮಾತ್ರೆ, ಮಂಡಿನೋವು, ಬೆಂಗಳೂರಿನಲ್ಲಿರುವ ಮಗನ ಫೋನು, ಎಲ್ಲ ಆದ ಮೇಲೆ ಒಂದು ಮಾತು ಬಂದೇ ಬರುತ್ತದೆ. ‘ಯಾರಿಗೂ ಭಾರ ಆಗಬಾರದು ನೋಡ್ರಿ. ಕೈಕಾಲು ಗಟ್ಟಿ ಇರೋವಾಗ್ಲೇ ದೇವರು ಕರ್ಕೊಂಡ್ಬಿಡ್ಲಿ.’ ಇದು ಬರೀ ಕ್ರೈಸ್ತರ ಮಾತಲ್ಲ. ಪಕ್ಕದ ಮನೆಯ ಲಿಂಗಾಯತ ಅಜ್ಜ, ಎದುರು ಮನೆಯ ಮುಸ್ಲಿಂ ಅಜ್ಜಿ, ಎಲ್ಲರದ್ದೂ ಇದೇ ಬೇಡಿಕೆ. ಎಷ್ಟು ರೂಢಿಯಾಗಿದೆ ಅಂದರೆ, ಇದು ಪ್ರಾರ್ಥನೆಯೋ ಭಯವೋ ಅಂತ ಯಾರೂ ಕೇಳಲ್ಲ.

ಕ್ರೈಸ್ತ ನಂಬಿಕೆಗೆ ಈ ಮಾತಿನ ಜೊತೆ ಸ್ವಲ್ಪ ತಕರಾರಿದೆ. ಭಾರ ಆಗುವುದು ಪಾಪವೂ ಅಲ್ಲ, ಅವಮಾನವೂ ಅಲ್ಲ, ಇನ್ನೊಬ್ಬರ ಕೈಯಲ್ಲಿ ಎತ್ತಿಸಿಕೊಳ್ಳುವುದೂ ನಂಬಿಕೆಯ ಬದುಕಿನಲ್ಲೇ ಸೇರಿದೆ ಅನ್ನುತ್ತದೆ ಅದು. ಹೀಗೆ ಒಂದೇ ಸಾಲಿನಲ್ಲಿ ಹೇಳಿಬಿಟ್ಟರೆ ಹಾಸಿಗೆ ಹಿಡಿದವರಿಗೆ ಏನೂ ಸಮಾಧಾನ ಆಗಲ್ಲ, ಅಲ್ವಾ? ಅದಕ್ಕೇ ಸ್ವಲ್ಪ ಬಿಡಿಸಿ ನೋಡೋಣ.

ಬಣ್ಣ ಬಳಿಯದ ಮಾತು

ಸತ್ಯವೇದ, ಅಂದರೆ ಬೈಬಲ್, ಮುಪ್ಪನ್ನು ಚೆಂದ ಮಾಡಿ ತೋರಿಸುವುದಿಲ್ಲ. ಪ್ರಸಂಗಿ ಗ್ರಂಥದ 12ನೇ ಅಧ್ಯಾಯ ಓದಿ. ಅದು ಒಂದು ಒಗಟಿನ ಹಾಗಿದೆ. ಮನೆ ಕಾಯುವವರು ನಡುಗುತ್ತಾರೆ. ಬಲಶಾಲಿಗಳು ಬಾಗುತ್ತಾರೆ. ಬೀಸುವವರು ಕಡಿಮೆಯಾಗಿ ಕೆಲಸ ನಿಲ್ಲಿಸುತ್ತಾರೆ. ಕಿಟಕಿಯಿಂದ ನೋಡುವವರು ಮಂಕಾಗುತ್ತಾರೆ. ಬೀದಿಯ ಬಾಗಿಲು ಮುಚ್ಚಿಕೊಳ್ಳುತ್ತದೆ. ಹಕ್ಕಿ ಕೂಗಿದರೆ ಸಾಕು, ಎಚ್ಚರ ಆಗಿಬಿಡುತ್ತದೆ. ಹಿಂದಿನಿಂದಲೂ ಇದನ್ನು ಮೈಯ ವರ್ಣನೆ ಅಂತಲೇ ಓದಿಕೊಂಡು ಬಂದಿದ್ದಾರೆ. ನಡುಗುವುದು ಕೈ, ಬಾಗುವುದು ಕಾಲು, ಬೀಸುವವು ಹಲ್ಲು, ಕಿಟಕಿಯಲ್ಲಿ ಇರುವುದು ಕಣ್ಣು, ಮುಚ್ಚಿದ ಬಾಗಿಲು ಕಿವಿ. ಕೊನೆಯದು ಬೆಳಗಿನ ಜಾವ ಕೈಕೊಡುವ ನಿದ್ದೆ. ಅಲ್ಲೇ ಬಾದಾಮಿ ಮರ ಹೂ ಬಿಡುವ ಮಾತೂ ಬರುತ್ತದೆ. ಅದು ನರೆಗೂದಲು. ಬಾದಾಮಿ ಹೂ ನಾವು ನೋಡಿಲ್ಲ. ದಾವಣಗೆರೆಯವರಿಗೆ ಹೊಲದಲ್ಲಿ ಹತ್ತಿ ಬಿರಿದದ್ದನ್ನು ನೆನೆಸಿಕೊಂಡರೆ ಸಾಕು.

‘ಕಷ್ಟದ ದಿನಗಳು ಬರುವ ಮುಂಚೆ, ಯೌವನದಲ್ಲೇ ನಿನ್ನ ಸೃಷ್ಟಿಕರ್ತನನ್ನು ನೆನೆ’ ಅನ್ನುವುದು ಆ ಅಧ್ಯಾಯದ ಸಾರ. ನಮ್ಮ ಕಡೆಯವರಿಗೆ ಇದನ್ನು ಕೇಳಿದ ಕೂಡಲೇ ಬಸವಣ್ಣನವರ ‘ನೆರೆ ಕೆನ್ನೆಗೆ, ತೆರೆ ಗಲ್ಲಕೆ’ ವಚನ ನೆನಪಾಗುತ್ತದೆ. ಹಲ್ಲು ಹೋಗಿ, ಬೆನ್ನು ಬಾಗಿ, ಅನ್ಯರಿಗೆ ಹಂಗಾಗುವ ಮುನ್ನ ಪೂಜಿಸು ಅನ್ನುವ ವಚನ ಅದು. ಎರಡೂ ಒಂದೇ ಎಚ್ಚರಿಕೆ ಕೊಡುತ್ತವೆ. ಸಂತೆ ಮುಗಿದ ಮೇಲೆ ಚೀಲ ಹಿಡಿದು ಬರಬೇಡ ಅಂತ. ಕ್ರೈಸ್ತರು ಇದನ್ನು ಒಪ್ಪುತ್ತಾರೆ. ಆದರೆ ಹಂಗಿನ ಕಾಲ ಬಂದೇಬಿಟ್ಟರೆ ಆಮೇಲೇನು? ಆ ಪ್ರಶ್ನೆಗೆ ಸತ್ಯವೇದದಲ್ಲಿ ಬೇರೆ ಪುಟ ತೆಗೆಯಬೇಕು.

ಚರ್ಚ್ ಮೆಟ್ಟಿಲ ಬಳಿ ಕೇಳುವ ಮಾತನ್ನೇ ಆಡಿದ ಒಬ್ಬ ಅಜ್ಜ ಅಲ್ಲಿ ಇದ್ದಾನೆ. ಹೆಸರು ಬರ್ಜಿಲ್ಲೈ. 2 ಸಮುವೇಲ 19ನೇ ಅಧ್ಯಾಯ. ವಯಸ್ಸು 80. ದಾವೀದ ರಾಜ ಮಗನ ದಂಗೆಗೆ ಹೆದರಿ ಓಡಿ ಬಂದಾಗ ಊಟ ಉಪಚಾರ ನೋಡಿಕೊಂಡವನು ಇವನು. ದಂಗೆ ಮುಗಿದ ಮೇಲೆ ರಾಜ ಕರೆಯುತ್ತಾನೆ, ಜೆರುಸಲೇಮಿಗೆ ಬಾ, ನಿನ್ನನ್ನು ನಾನು ಸಾಕುತ್ತೇನೆ ಅಂತ. ಬರ್ಜಿಲ್ಲೈ ಒಪ್ಪುವುದಿಲ್ಲ. ಊಟದ ರುಚಿ ನನಗೆ ಗೊತ್ತಾಗುತ್ತದಾ? ಹಾಡುವವರ ದನಿ ಕೇಳಿಸುತ್ತದಾ? ನಾನು ಯಾಕೆ ರಾಜನಿಗೆ ಭಾರ ಆಗಲಿ? ನಮ್ಮೂರಲ್ಲೇ, ಅಪ್ಪ ಅಮ್ಮನ ಸಮಾಧಿ ಹತ್ತಿರವೇ ಸಾಯುತ್ತೇನೆ, ಬಿಡು ಅನ್ನುತ್ತಾನೆ. ಬೆಂಗಳೂರಿನ ಮಗನ ಫ್ಲ್ಯಾಟಿಗೆ ಹೋಗಲ್ಲ ಅಂತ ಹಟ ಹಿಡಿಯುವ ನಮ್ಮ ಅಜ್ಜಂದಿರ ಮಾತು ಇದಕ್ಕಿಂತ ಬೇರೆ ಏನಿದೆ?

ದಾವೀದ ಅವನನ್ನು ಬೈಯಲಿಲ್ಲ. ನಂಬಿಕೆ ಕಡಿಮೆ ಅನ್ನಲಿಲ್ಲ. ಮುತ್ತಿಟ್ಟು, ಹರಸಿ, ಊರಿಗೆ ಕಳಿಸಿದ. ಹಾಗಾಗಿ ‘ಭಾರ ಆಗಬಾರದು’ ಅನ್ನುವವರಿಗೆ ಕೂಡಲೇ ಉಪದೇಶ ಶುರು ಮಾಡುವುದು ಸರಿಯಲ್ಲ ಅಂತ ನನಗೆ ಅನಿಸುತ್ತದೆ. ಅದು ಸ್ವಾಭಿಮಾನದ ಮಾತು. ಅದಕ್ಕೂ ಜಾಗ ಇದೆ.

ವರವೂ ಹೌದು, ನೋವೂ ಹೌದು

ಮುಪ್ಪು ದೇವರ ಆಶೀರ್ವಾದವೋ, ಶಾಪವೋ? ಸಭೆಗಳಲ್ಲಿ ಈ ಪ್ರಶ್ನೆ ಆಗಾಗ ಬರುತ್ತದೆ. ಕ್ರೈಸ್ತ ಬೋಧನೆ ಎರಡನ್ನೂ ಒಟ್ಟಿಗೆ ಹಿಡಿದುಕೊಳ್ಳುತ್ತದೆ. ಅಬ್ರಹಾಮ ತುಂಬು ವಯಸ್ಸಿನಲ್ಲಿ ತೃಪ್ತಿಯಿಂದ ಸತ್ತ ಅಂತ ಆದಿಕಾಂಡ ಹೇಳುತ್ತದೆ. ಅಂಥ ಸಾವು ವರ. ನರೆಗೂದಲು ಕಿರೀಟ ಅಂತ ಜ್ಞಾನೋಕ್ತಿ ಹೇಳುತ್ತದೆ. ತಲೆ ನರೆತವರ ಮುಂದೆ ಎದ್ದು ನಿಲ್ಲು ಅಂತ ಯಾಜಕಕಾಂಡದಲ್ಲಿ (19:32) ಆಜ್ಞೆಯೇ ಇದೆ. ಇನ್ನೊಂದು ಕಡೆ, ಮೋಶೆಯದು ಅಂತ ಹೇಳುವ 90ನೇ ಕೀರ್ತನೆ ಆಯುಷ್ಯ 70, ಬಲ ಇದ್ದರೆ 80, ಅದರಲ್ಲೂ ಜಾಸ್ತಿ ಪಾಲು ದುಡಿಮೆ ಮತ್ತು ದುಃಖವೇ ಅಂತ ಲೆಕ್ಕ ಹೇಳಿಬಿಡುತ್ತದೆ. ಸಾಯುವುದು, ಸವೆಯುವುದು ದೇವರು ಮೊದಲು ಬಯಸಿದ್ದಲ್ಲ, ಮನುಷ್ಯ ದೇವರಿಂದ ದೂರವಾದದ್ದರ ಫಲ ಅನ್ನುವುದು ಕ್ರೈಸ್ತರ ಹಳೆಯ ನಂಬಿಕೆ. ಅದಕ್ಕೇ ಮಂಡಿನೋವನ್ನು ‘ದೇವರ ಕೊಡುಗೆ’ ಅನ್ನುವ ಅಗತ್ಯ ಇಲ್ಲ. ನೋವು ನೋವೇ.

ವಯಸ್ಸಾದ ಕೂಡಲೇ ಬುದ್ಧಿ ಬಂದುಬಿಡುತ್ತದೆ ಅಂತಲೂ ಸತ್ಯವೇದ ನಂಬುವುದಿಲ್ಲ. ಜ್ಞಾನಕ್ಕೆ ಹೆಸರಾದ ಸೊಲೊಮೋನ ದಾರಿ ತಪ್ಪಿದ್ದೇ ಮುಪ್ಪಿನಲ್ಲಿ. ಮನೆಯಲ್ಲಿ ಹಿರಿಯರು ಆಸ್ತಿ ವಿಷಯದಲ್ಲಿ ಒಬ್ಬ ಮಗನನ್ನು ಇನ್ನೊಬ್ಬನ ಮೇಲೆ ಎತ್ತಿಕಟ್ಟುವುದನ್ನು ನೋಡಿದವರಿಗೆ ಇದನ್ನು ಜಾಸ್ತಿ ವಿವರಿಸಬೇಕಿಲ್ಲ. ಕುರುಡನಾದ ಮುದುಕ ಇಸಾಕ, ಅವನ ಇಬ್ಬರು ಮಕ್ಕಳು, ಒಂದು ಆಶೀರ್ವಾದಕ್ಕಾಗಿ ನಡೆದ ಮೋಸ, ಇಡೀ ಕಥೆ ಆದಿಕಾಂಡ 27ರಲ್ಲಿದೆ.

ಹೊತ್ತವರು, ಹೊರಿಸಿಕೊಂಡವರು

ಈಗ ಮುಖ್ಯ ವಿಷಯಕ್ಕೆ ಬರೋಣ. ಯೆಶಾಯ 46ನೇ ಅಧ್ಯಾಯ. ನನ್ನ ಲೆಕ್ಕದಲ್ಲಿ ಮುಪ್ಪಿನ ಬಗ್ಗೆ ಸತ್ಯವೇದದಲ್ಲಿ ಇದಕ್ಕಿಂತ ದೊಡ್ಡ ಮಾತಿಲ್ಲ. ‘ನಿಮ್ಮ ಮುಪ್ಪಿನ ತನಕ, ನರೆ ಬರುವ ತನಕ ನಾನೇ ನಿಮ್ಮನ್ನು ಹೊರುತ್ತೇನೆ’ ಅನ್ನುವ 4ನೇ ವಚನವನ್ನು ಕ್ಯಾಲೆಂಡರ್ ಮೇಲೆ, ಗೋಡೆಯ ಫ್ರೇಮಿನಲ್ಲಿ ಎಲ್ಲರೂ ನೋಡಿರುತ್ತಾರೆ. ಅದೇ ಅಧ್ಯಾಯದ ಮೊದಲ ಎರಡು ವಚನ ಓದಿದವರು ಕಡಿಮೆ. ಅಲ್ಲಿ ಬಾಬಿಲೋನಿನ ದೇವರುಗಳಾದ ಬೇಲ್ ಮತ್ತು ನೆಬೋ ವಿಗ್ರಹಗಳನ್ನು ದನಗಳ ಮೇಲೆ ಹೇರಿದ್ದಾರೆ. ಸುಸ್ತಾದ ಪ್ರಾಣಿಗಳಿಗೆ ಆ ದೇವರುಗಳೇ ಭಾರ. ಜನರು ಹೊರಬೇಕಾದ ದೇವರು ಒಂದು ಕಡೆ. ಜನರನ್ನು ಹೊರುವ ದೇವರು ಇನ್ನೊಂದು ಕಡೆ. ಹುಟ್ಟಿದಾಗಿನಿಂದ ನಿಮ್ಮನ್ನು ಎತ್ತಿಕೊಂಡೇ ಬಂದಿದ್ದೇನೆ ಅಂತ 3ನೇ ವಚನ ಹೇಳುತ್ತದೆ. ಅಂದರೆ ಭಾರ ಆಗುವುದು 80ಕ್ಕೆ ಶುರುವಾಗುವ ಹೊಸ ಸಂಗತಿಯೇ ಅಲ್ಲ. 30ರಲ್ಲಿ ಬೈಕ್ ಓಡಿಸಿಕೊಂಡು, ಅಂಗಡಿ ನೋಡಿಕೊಂಡು ಓಡಾಡುತ್ತಿದ್ದಾಗಲೂ ನಮ್ಮನ್ನು ಯಾರೋ ಹೊತ್ತಿದ್ದರು. ಆಗ ಗೊತ್ತಾಗುತ್ತಿರಲಿಲ್ಲ, ಅಷ್ಟೇ.

ಸರಿ, ದೇವರು ಹೊರುತ್ತಾನೆ ಅಂತ ಹಾಡುವುದು ಸುಲಭ. ಕಷ್ಟ ಆಗುವುದು ಸೊಸೆ ಹೊರಬೇಕಾದಾಗ. ನಮ್ಮ ಕಡೆಯ ಒಬ್ಬ ಅಜ್ಜಿಯ ವಿಷಯ ಹೇಳುತ್ತೇನೆ. ಗಂಡ ಹತ್ತಿ ಗಿರಣಿಯಲ್ಲಿ ದುಡಿದವರು. ಈಕೆ ಊರ ಹಬ್ಬಕ್ಕೆಲ್ಲ ದೊಡ್ಡ ಪಾತ್ರೆ ಇಟ್ಟು ಅಡುಗೆ ಮಾಡಿದವರು. ಬಿದ್ದು ಸೊಂಟದ ಮೂಳೆ ಮುರಿದ ಮೇಲೆ ಮಂಚವೇ ಗತಿಯಾಯಿತು. ಸೊಸೆ ತಲೆಗೆ ಎಣ್ಣೆ ಹಚ್ಚಲು ಬಂದರೆ ಸೆರಗು ಎಳೆದುಕೊಂಡು ತಲೆ ಮುಚ್ಚುತ್ತಿದ್ದರು. ‘ನಿಂಗೆ ಕೆಲಸ ಇಲ್ವೇನೇ, ಹೋಗು’ ಅನ್ನುತ್ತಿದ್ದರು. ಊಟ ಕಡಿಮೆ ಮಾಡಿದರು. ಯಾಕೆ ಅಂತ ಆಮೇಲೆ ಗೊತ್ತಾಯಿತು: ಜಾಸ್ತಿ ತಿಂದರೆ ಬೆಡ್‌ಪ್ಯಾನ್ ಜಾಸ್ತಿ ಸಲ ಬೇಕಾಗುತ್ತದೆ, ಸೊಸೆಗೆ ತೊಂದರೆ. ಜೀವನಪೂರ್ತಿ ಬಡಿಸಿದ ಕೈ ಅದು. ಬಡಿಸಿಕೊಳ್ಳುವುದನ್ನು ಯಾರೂ ಕಲಿಸಿರಲಿಲ್ಲ.

ಯೇಸುವಿನ ಬದುಕನ್ನು ಹೇಳುವ ಸುವಾರ್ತೆಯಲ್ಲಿ ಇಂಥ ಸ್ವಭಾವದವನು ಶಿಷ್ಯ ಪೇತ್ರ. ಯೋವಾನ್ನನ ಸುವಾರ್ತೆಯ 13ನೇ ಅಧ್ಯಾಯದಲ್ಲಿ ಯೇಸು ಶಿಷ್ಯರ ಕಾಲು ತೊಳೆಯುತ್ತಾರೆ. ಪೇತ್ರ ಕಾಲು ಹಿಂದಕ್ಕೆ ಎಳೆದುಕೊಳ್ಳುತ್ತಾನೆ. ನನ್ನ ಕಾಲನ್ನು ನೀವು ಎಂದಿಗೂ ತೊಳೆಯಬಾರದು ಅನ್ನುತ್ತಾನೆ. ತೊಳೆಯದಿದ್ದರೆ ನನ್ನಲ್ಲಿ ನಿನಗೆ ಪಾಲಿಲ್ಲ ಅನ್ನುತ್ತಾರೆ ಯೇಸು. ಈಸ್ಟರ್‌ಗೆ ಮುಂಚಿನ ಪವಿತ್ರ ಗುರುವಾರ ಪ್ರತಿ ವರ್ಷ ನಮ್ಮ ಚರ್ಚುಗಳಲ್ಲಿ ಇದನ್ನು ಮಾಡಿ ತೋರಿಸುತ್ತಾರೆ. ಫಾದರ್ ಕಾಲು ತೊಳೆಯುತ್ತಾರೆ ಅನ್ನುವುದನ್ನು ಎಲ್ಲರೂ ಗಮನಿಸುತ್ತಾರೆ. ಬೆಂಚಿನ ಮೇಲೆ ಕೂತು ಕಾಲು ಚಾಚುವವರ ಮುಜುಗರ ಯಾರ ಕಣ್ಣಿಗೂ ಬೀಳಲ್ಲ. ಪಾಠದ ಅರ್ಧ ಭಾಗ ಅಲ್ಲೇ ಇದೆ.

ಅದೇ ಸುವಾರ್ತೆಯ 21ನೇ ಅಧ್ಯಾಯದಲ್ಲಿ, ಪುನರುತ್ಥಾನದ ನಂತರ, ಸರೋವರದ ದಡದಲ್ಲಿ ಯೇಸು ಅದೇ ಪೇತ್ರನಿಗೆ ಹೇಳುತ್ತಾರೆ: ಚಿಕ್ಕವನಾಗಿದ್ದಾಗ ನೀನೇ ನಡುಕಟ್ಟಿಕೊಂಡು ಬೇಕಾದಲ್ಲಿಗೆ ಹೋಗುತ್ತಿದ್ದೆ. ಮುದುಕನಾದಾಗ ಕೈ ಚಾಚುತ್ತೀ, ಬೇರೆಯವರು ನಿನ್ನ ನಡುಕಟ್ಟಿ ನಿನಗೆ ಇಷ್ಟವಿಲ್ಲದ ಕಡೆಗೆ ಒಯ್ಯುತ್ತಾರೆ. ಇದು ಪೇತ್ರನ ಹುತಾತ್ಮ ಮರಣದ ಸೂಚನೆ ಅಂತ ಸುವಾರ್ತೆಯೇ ಹೇಳುತ್ತದೆ. ಆದರೆ ಬಟ್ಟೆ ಹಾಕಿಸಿಕೊಳ್ಳಲು ಕೈ ಎತ್ತುವ ಯಾವ ಅಜ್ಜನೂ ಈ ಸಾಲನ್ನು ತನ್ನದೇ ಅಂತ ಓದಬಹುದು. ಇದಾದ ಮೇಲೆ ಯೇಸು ಹೇಳಿದ್ದು, ‘ನನ್ನನ್ನು ಹಿಂಬಾಲಿಸು’. ಕೈಲಾಗದ ಸ್ಥಿತಿಯಲ್ಲೂ ಹಿಂಬಾಲಿಸಬಹುದು ಅಂತಾಯಿತು.

ಇಲ್ಲಿ ಒಂದು ತೊಡಕಿದೆ. ಯೇಸು ಮುದುಕರಾಗಲೇ ಇಲ್ಲ. ಮೂವತ್ತರ ಆಸುಪಾಸಿನಲ್ಲೇ ಶಿಲುಬೆಗೆ ಏರಿದರು. ಮಂಡಿನೋವು, ಕಣ್ಣಿನ ಪೊರೆ, ಮರೆವು ಅವರಿಗೇನು ಗೊತ್ತು ಅಂತ ಯಾರಾದರೂ ಕೇಳಿದರೆ ತಪ್ಪಿಲ್ಲ. ಆದರೆ ಕೊನೆಯ ದಿನ ಅವರ ಕೈಕಾಲು ಅವರ ಮಾತು ಕೇಳುತ್ತಿರಲಿಲ್ಲ. ಶಿಲುಬೆ ಹೊರಲಾಗದೆ ಕುರೇನೆಯ ಸಿಮೋನ ಅನ್ನುವ ದಾರಿಹೋಕ ಅದನ್ನು ಹೊತ್ತ. ಬಟ್ಟೆಯನ್ನು ಬೇರೆಯವರು ಕಳಚಿದರು. ‘ನನಗೆ ಬಾಯಾರಿಕೆ’ ಅಂತ ಕೇಳಿ ಕುಡಿಯಬೇಕಾಯಿತು. ತಾಯಿಯ ಜವಾಬ್ದಾರಿಯನ್ನು ಶಿಷ್ಯನ ಕೈಗೆ ಒಪ್ಪಿಸಬೇಕಾಯಿತು. ಈಸ್ಟರ್‌ಗೆ ಮುಂಚಿನ ತಪಸ್ಸುಕಾಲದ ಶುಕ್ರವಾರ, ಯೇಸುವಿನ ಕೊನೆಯ ಪಯಣ ನೆನೆಯುವ ಶಿಲುಬೆಯ ಹಾದಿ ಮಾಡುವಾಗ, ಸಿಮೋನ ಶಿಲುಬೆ ಹೊತ್ತದ್ದನ್ನು ನೆನೆಯುವ ಐದನೇ ಸ್ಥಳದಲ್ಲಿ ಮಂಡಿಯೂರಲಾಗದೆ ಬೆಂಚು ಹಿಡಿದು ನಿಲ್ಲುವ ಹಿರಿಯರಿಗೆ ಆ ಸಿಮೋನನ ಕಥೆ ಬೇರೆ ಥರ ಕೇಳಿಸಬೇಕು.

ಹೊರುವವರ ಕಡೆಯಿಂದಲೂ ಒಂದು ಕಥೆ ಇದೆ. 1839ರ ಚಳಿಗಾಲ, ಫ್ರಾನ್ಸಿನ ಸೇಂಟ್ ಸರ್ವಾನ್ ಊರು. ಜೀನ್ ಜುಗಾನ್ ಅನ್ನುವ ಬಡ ಕೆಲಸದಾಕೆ, ಕಣ್ಣಿಲ್ಲದ, ಕೈಕಾಲು ಬಿದ್ದುಹೋದ ಒಬ್ಬ ವಿಧವೆಯನ್ನು ಎತ್ತಿಕೊಂಡು ಮನೆಗೆ ತಂದು, ತನ್ನ ಹಾಸಿಗೆ ಬಿಟ್ಟುಕೊಟ್ಟು, ತಾನು ಅಟ್ಟದ ಮೇಲೆ ಮಲಗಿದಳು. ಬಡ ವೃದ್ಧರನ್ನು ನೋಡಿಕೊಳ್ಳುವ ‘ಲಿಟಲ್ ಸಿಸ್ಟರ್ಸ್ ಆಫ್ ದ ಪೂರ್’ ಸಂಸ್ಥೆ ಹುಟ್ಟಿದ್ದು ಹೀಗೆ. ಬೆಂಗಳೂರಿನಲ್ಲೂ ಅವರ ವೃದ್ಧಾಶ್ರಮ ಇದೆ. ಕಥೆಯ ಎರಡನೇ ಭಾಗ ಜಾಸ್ತಿ ಜನಕ್ಕೆ ಗೊತ್ತಿಲ್ಲ. ಸಂಸ್ಥೆಯ ಮೇಲ್ವಿಚಾರಣೆಗೆ ಬಂದ ಪಾದ್ರಿ ತಾನೇ ಸ್ಥಾಪಕ ಅಂತ ಹೇಳಿಕೊಂಡ. ಜೀನ್ 1852ರಿಂದ 27 ವರ್ಷ ಮೂಲೆಗುಂಪಾಗಿ ಬದುಕಿದಳು. ಜೊತೆಗಿದ್ದ ಚಿಕ್ಕ ಸಿಸ್ಟರುಗಳಿಗೆ ಈಕೆಯೇ ಸಂಸ್ಥೆ ಕಟ್ಟಿದವಳು ಅಂತ ಗೊತ್ತಿರಲಿಲ್ಲ. 1879ರಲ್ಲಿ, 86ನೇ ವಯಸ್ಸಿನಲ್ಲಿ ತೀರಿಕೊಂಡಳು. 2009ರಲ್ಲಿ ಪೋಪ್ ಹದಿನಾರನೇ ಬೆನೆಡಿಕ್ಟ್ ಆಕೆಯನ್ನು ಸಂತಳೆಂದು ಸಾರಿದರು. ಮುದುಕರನ್ನು ಹೊತ್ತವಳು ತಾನೂ ಬದಿಗೆ ಸರಿಸಲ್ಪಟ್ಟ ಮುದುಕಿಯಾಗಿ ಬಾಳಿದಳು. ಆಕೆಗಾದ ಅನ್ಯಾಯವನ್ನು ಪುಣ್ಯ ಅಂತ ಮುಚ್ಚಿಹಾಕಬಾರದು ಅನ್ನುವುದು ನನ್ನ ಅಭಿಪ್ರಾಯ. ಅನ್ಯಾಯ ಬೇರೆ, ಅದನ್ನು ಆಕೆ ತಾಳಿಕೊಂಡ ರೀತಿ ಬೇರೆ.

ಮಕ್ಕಳ ಪಾಲು

‘ತಂದೆತಾಯಿಯನ್ನು ಸನ್ಮಾನಿಸು.’ ಕಥೋಲಿಕರಿಗೆ ಇದು ನಾಲ್ಕನೇ ಆಜ್ಞೆ, ಪ್ರೊಟೆಸ್ಟೆಂಟರಾದ ಸಿ.ಎಸ್.ಐ. ಸಭೆಯವರಿಗೆ ಐದನೇದು. ಎಣಿಸುವ ಕ್ರಮ ಬೇರೆ, ಮಾತು ಒಂದೇ. ಭಾನುವಾರ ಶಾಲೆಯಲ್ಲಿ ಇದನ್ನು ‘ಅಪ್ಪ ಅಮ್ಮನ ಮಾತು ಕೇಳಿ’ ಅಂತ ಮಕ್ಕಳಿಗೆ ಕಲಿಸುತ್ತಾರೆ. ನಿಜಕ್ಕೂ ಇದು ಮೊದಲು ದೊಡ್ಡವರಿಗೆ ಕೊಟ್ಟ ಆಜ್ಞೆ. ಹೊಲ, ಮನೆ, ಎತ್ತು ಇರುವವರಿಗೆ, ಮುದುಕರಾದ ಅಪ್ಪ ಅಮ್ಮನನ್ನು ಸಾಕಬೇಕಾದವರಿಗೆ. ಯೇಸು ಇದನ್ನು ಎಷ್ಟು ಗಂಭೀರವಾಗಿ ತೆಗೆದುಕೊಂಡರು ಅನ್ನುವುದು ಮಾರ್ಕನ 7ನೇ ಅಧ್ಯಾಯದಲ್ಲಿದೆ. ಆಗಿನ ಕೆಲವರು ತಮ್ಮ ಹಣವನ್ನು ‘ಕೊರ್ಬಾನ್’, ಅಂದರೆ ದೇವರಿಗೆ ಮೀಸಲು ಅಂತ ಘೋಷಿಸಿ ಅಪ್ಪ ಅಮ್ಮನಿಗೆ ಕೊಡದೆ ತಪ್ಪಿಸಿಕೊಳ್ಳುತ್ತಿದ್ದರು. ಯೇಸು ಅದನ್ನು ನೇರವಾಗಿ ಖಂಡಿಸಿದರು. ಚರ್ಚ್ ಕಟ್ಟಡಕ್ಕೆ ದೊಡ್ಡ ದೇಣಿಗೆ ಬರೆಸಿ, ಊರಲ್ಲಿರುವ ಅಮ್ಮನ ಮಾತ್ರೆಗೆ ಲೆಕ್ಕ ಹಾಕುವವರು ಈ ಅಧ್ಯಾಯ ಓದಬೇಕು. ಒಂದನೇ ತಿಮೊಥೆಯ 5:8 ಇನ್ನೂ ಖಾರವಾಗಿದೆ: ಸ್ವಂತ ಮನೆಯವರನ್ನು ನೋಡಿಕೊಳ್ಳದವನು ನಂಬದವನಿಗಿಂತ ಕೀಳು.

ಮಕ್ಕಳಿಲ್ಲದವರ ಕಥೆ? ಅದೇ ಅಧ್ಯಾಯದಲ್ಲಿ 60 ದಾಟಿದ, ಯಾರೂ ದಿಕ್ಕಿಲ್ಲದ ವಿಧವೆಯರ ಪಟ್ಟಿಯ ಮಾತು ಬರುತ್ತದೆ. ಸಭೆಯೇ ಅವರನ್ನು ಸಾಕುತ್ತಿತ್ತು. ಅಪೊಸ್ತಲರ ಕೃತ್ಯಗಳು 6ನೇ ಅಧ್ಯಾಯದಲ್ಲಿ ಈ ಸೇವೆಗೆ ಏಳು ಜನರನ್ನು ಆರಿಸಿದ್ದೂ, ದಿನದ ಊಟ ಹಂಚುವಾಗ ಗ್ರೀಕ್ ಮಾತಾಡುವ ವಿಧವೆಯರನ್ನು ಕಡೆಗಣಿಸುತ್ತಾರೆ ಅನ್ನುವ ಜಗಳದಿಂದಲೇ.

ಕಾನೂನಿನ ಮಾತನ್ನೂ ಸೇರಿಸಿಬಿಡುತ್ತೇನೆ, ಯಾಕೆಂದರೆ ‘ಮಕ್ಕಳ ಮೇಲೆ ದೂರು ಕೊಡುವುದು ಕ್ರೈಸ್ತರಿಗೆ ತರವಾ?’ ಅಂತ ಹಿಂಜರಿಯುವವರು ಇದ್ದಾರೆ. 2007ರ ಪೋಷಕರ ಮತ್ತು ಹಿರಿಯ ನಾಗರಿಕರ ಪೋಷಣೆ ಕಾಯ್ದೆ ಎಲ್ಲ ಧರ್ಮದವರಿಗೂ ಅನ್ವಯ. ನಮ್ಮಲ್ಲಿ ಉಪವಿಭಾಗಾಧಿಕಾರಿಗಳ ಮುಂದೆ ಅರ್ಜಿ ಹಾಕಬಹುದು. ತಿಂಗಳಿಗೆ 10,000 ರೂಪಾಯಿವರೆಗೆ ಜೀವನಾಂಶಕ್ಕೆ ಆದೇಶ ಮಾಡಬಹುದು. ನೋಡಿಕೊಳ್ಳುತ್ತಾರೆ ಅಂತ ಮನೆ ಬರೆದುಕೊಟ್ಟ ಮೇಲೆ ಕೈಬಿಟ್ಟರೆ, 23ನೇ ಕಲಂ ಪ್ರಕಾರ ಆ ದಾನಪತ್ರ ರದ್ದು ಮಾಡಲು ಕೇಳಬಹುದು. ‘ನೋಡಿಕೊಳ್ಳಬೇಕು’ ಅನ್ನುವ ಷರತ್ತನ್ನು ಪತ್ರದಲ್ಲೇ ಬರೆಸುವುದು ಜಾಣತನ. ಹಿರಿಯರ ಸಹಾಯವಾಣಿ 14567. ಕ್ಷಮಿಸುವುದಕ್ಕೂ ಹಕ್ಕು ಕೇಳುವುದಕ್ಕೂ ವಿರೋಧ ಇಲ್ಲ.

ನಿವೃತ್ತಿ ಇದೆಯಾ?

ಸತ್ಯವೇದದಲ್ಲಿ ನಿವೃತ್ತಿಯ ನಿಯಮ ಅಂತ ಸ್ಪಷ್ಟವಾಗಿ ಸಿಗುವುದು ಅರಣ್ಯಕಾಂಡ 8ರಲ್ಲಿ. ದೇವರ ಗುಡಾರದ ಸೇವೆ ಮಾಡುವ ಕುಲದವರಾದ ಲೇವಿಯರು 50ಕ್ಕೆ ಕೆಲಸ ಬಿಡಬೇಕು. ಆದರೆ ಚಿಕ್ಕವರಿಗೆ ಸಹಾಯ ಮಾಡಬಹುದು. ಅಂದರೆ ಹೊಣೆ ಇಳಿಸು, ಜೊತೆಗಿರು. ನಮ್ಮ ಕೆಲವು ಸಭಾ ಸಮಿತಿಗಳಲ್ಲಿ ಕಾರ್ಯದರ್ಶಿ ಕುರ್ಚಿ ಬಿಡದ ಹಿರಿಯರನ್ನು ನೋಡಿದಾಗ ಲೇವಿಯರ ಪದ್ಧತಿ ಎಷ್ಟು ಚೆನ್ನಾಗಿತ್ತು ಅನಿಸುತ್ತದೆ.

ಹಾಗಂತ ಒಂದೇ ದಾರಿ ಇಲ್ಲ. ಪೋಪ್ ಎರಡನೇ ಜಾನ್ ಪಾಲ್ ಪಾರ್ಕಿನ್ಸನ್ ಕಾಯಿಲೆಯಿಂದ ಮೈ ನಡುಗುತ್ತಿದ್ದರೂ, ಮಾತು ತೊದಲುತ್ತಿದ್ದರೂ 2005ರಲ್ಲಿ 84ನೇ ವಯಸ್ಸಿಗೆ ತೀರಿಕೊಳ್ಳುವ ತನಕ ಹುದ್ದೆಯಲ್ಲೇ ಇದ್ದರು. ಅವರ ನಂತರ ಬಂದ ಬೆನೆಡಿಕ್ಟ್ 2013ರಲ್ಲಿ, 85ನೇ ವಯಸ್ಸಿನಲ್ಲಿ, ವಯಸ್ಸಾಯಿತು, ಶಕ್ತಿ ಸಾಲದು ಅಂತ ಹೇಳಿ ಇಳಿದುಬಿಟ್ಟರು. ಒಬ್ಬರು ದೌರ್ಬಲ್ಯವನ್ನು ಎಲ್ಲರ ಮುಂದೆ ಇಟ್ಟರು, ಇನ್ನೊಬ್ಬರು ಅದನ್ನು ಒಪ್ಪಿಕೊಂಡು ಬದಿಗೆ ಸರಿದರು. ಎರಡನ್ನೂ ಜನ ಧೈರ್ಯ ಅಂದರು. ನನಗೆ ಎರಡನೆಯದು ಜಾಸ್ತಿ ಹಿಡಿಸುತ್ತದೆ.

ಕೆಲಸ ಮುಗಿಯದವರೂ ಇದ್ದಾರೆ. ದೇವಾಲಯದಲ್ಲಿ ಮಗು ಯೇಸುವನ್ನು ಗುರುತಿಸಿದವರು ಸಿಮೆಯೋನ ಮತ್ತು ಅನ್ನ ಎಂಬ ಹೆಸರಿನ 84ರ ವಿಧವೆ. ಕನ್ನಡಿಗರಿಗೆ ಗೊತ್ತಿರುವ ಕಿಟ್ಟೆಲ್ ಅವರನ್ನೇ ನೋಡಿ. 1832ರಲ್ಲಿ ಹುಟ್ಟಿದ ಈ ಬಾಸೆಲ್ ಮಿಷನ್ ಪಾದ್ರಿಯ ನಿಘಂಟು ಅಚ್ಚಾಗಿದ್ದು 1894ರಲ್ಲಿ. ಕನ್ನಡ ವ್ಯಾಕರಣ ಹೊರಬಂದದ್ದು 1903ರಲ್ಲಿ, ಅವರು ತೀರಿಕೊಂಡ ವರ್ಷ.

ಎಣ್ಣೆ, ಆಸ್ಪತ್ರೆ, ಕೊನೆಯ ದಿನಗಳು

ಕಥೋಲಿಕ ಮನೆಗಳಲ್ಲಿ ಒಂದು ತಪ್ಪು ಕಲ್ಪನೆ ಗಟ್ಟಿಯಾಗಿ ಕೂತಿದೆ. ಫಾದರ್ ಎಣ್ಣೆ ಹಚ್ಚಲು ಬಂದರೆ ಕಥೆ ಮುಗಿಯಿತು ಅಂತ. ಅದಕ್ಕೇ ಅಜ್ಜನಿಗೆ ಎಚ್ಚರ ತಪ್ಪುವ ತನಕ ಕರೆಯುವುದೇ ಇಲ್ಲ. ಹಿಂದೆ ಇದನ್ನು ಕೊನೆಯ ಅಭ್ಯಂಗ ಅನ್ನುತ್ತಿದ್ದರು, ಭಯ ಬಂದದ್ದು ಅಲ್ಲಿಂದ. 1962ರಿಂದ 65ರವರೆಗೆ ನಡೆದ ಎರಡನೇ ವ್ಯಾಟಿಕನ್ ಮಹಾಸಭೆ ಇದನ್ನು ಸರಿಪಡಿಸಿತು. ಇದು ಸಾಯುವ ಗಳಿಗೆಯವರಿಗೆ ಮಾತ್ರ ಅಲ್ಲ, ಕಾಯಿಲೆಯಿಂದಲೋ ಮುಪ್ಪಿನಿಂದಲೋ ಅಪಾಯ ಶುರುವಾದಾಗಲೇ ಪಡೆಯಬಹುದು. ಹಣೆಗೆ, ಅಂಗೈಗೆ ಎಣ್ಣೆ ಹಚ್ಚಿ ಪ್ರಾರ್ಥಿಸುತ್ತಾರೆ. ಕಾಯಿಲೆ ಜಾಸ್ತಿಯಾದರೆ ಮತ್ತೆ ಪಡೆಯಬಹುದು. ಪ್ರೊಟೆಸ್ಟೆಂಟ್ ಸಭೆಗಳಲ್ಲೂ ಯಾಕೋಬನ ಪತ್ರ 5:14ರ ಆಧಾರದ ಮೇಲೆ ಹಿರಿಯರು ಎಣ್ಣೆ ಹಚ್ಚಿ ಪ್ರಾರ್ಥಿಸುವುದುಂಟು.

ಇಲ್ಲೊಂದು ಎಚ್ಚರಿಕೆ. ಗುಣ ಆಗದಿದ್ದರೆ ‘ನಿಮ್ಮ ನಂಬಿಕೆ ಸಾಲದು’ ಅನ್ನುವ ಪ್ರಚಾರಕರು ಊರೂರಲ್ಲಿ ಇದ್ದಾರೆ. ಅಪೊಸ್ತಲ ಪೌಲನೇ ಮೂರು ಸಲ ಬೇಡಿದರೂ ಅವನನ್ನು ಕಾಡುತ್ತಿದ್ದ ‘ಶರೀರದ ಮುಳ್ಳು’ ಹೋಗಲಿಲ್ಲ (2 ಕೊರಿಂಥ 12). ಸೆಪ್ಟೆಂಬರ್ 8ಕ್ಕೆ ಹರಿಹರದ ಆರೋಗ್ಯಮಾತೆಯ ಹಬ್ಬಕ್ಕೆ ಕೋಲೂರಿಕೊಂಡು ಬರುವ ಅಜ್ಜಿಯರಲ್ಲಿ ಎಷ್ಟೋ ಜನ ಅದೇ ಕೋಲೂರಿಕೊಂಡು ವಾಪಸ್ ಹೋಗುತ್ತಾರೆ. ಮುಂದಿನ ವರ್ಷ ಮತ್ತೆ ಬರುತ್ತಾರೆ. ಅವರ ನಂಬಿಕೆಗೆ ಏನು ಕಡಿಮೆ?

ಚಿಕಿತ್ಸೆ ಎಲ್ಲಿಯ ತನಕ ಅನ್ನುವ ಪ್ರಶ್ನೆ ದಾವಣಗೆರೆಗೆ ಹೊಸದಲ್ಲ. ಗೌರವದಿಂದ ಸಾಯುವ ಹಕ್ಕಿಗಾಗಿ ವರ್ಷಗಟ್ಟಲೆ ಹೋರಾಡಿದ ನಿವೃತ್ತ ಶಿಕ್ಷಕಿಯೊಬ್ಬರು ಇದೇ ಊರಿನವರು. ಸುಪ್ರೀಂ ಕೋರ್ಟ್ 2018ರಲ್ಲಿ ಚಿಕಿತ್ಸೆ ನಿರಾಕರಿಸುವ ಮುಂಗಡ ಪತ್ರಕ್ಕೆ ಒಪ್ಪಿಗೆ ಕೊಟ್ಟಿತು. 2023ರಲ್ಲಿ ವಿಧಾನ ಸರಳ ಮಾಡಿತು. 2025ರ ಜನವರಿಯಲ್ಲಿ ಕರ್ನಾಟಕ ಸರ್ಕಾರ ಅದನ್ನು ಜಾರಿ ಮಾಡಲು ಆದೇಶ ಹೊರಡಿಸಿತು. ಕಥೋಲಿಕ ಸಭೆಯ ನಿಲುವು ಹಲವರು ಅಂದುಕೊಂಡಷ್ಟು ಬಿಗಿಯಲ್ಲ. ಗುಣ ತರದ, ಮೈಗೆ ಹಿಂಸೆಯಷ್ಟೇ ಕೊಡುವ ಅಸಾಧಾರಣ ಚಿಕಿತ್ಸೆ ಬೇಡ ಅನ್ನಬಹುದು ಅಂತ ಪೋಪ್ ಹನ್ನೆರಡನೇ ಪಿಯುಸ್ 1957ರಲ್ಲೇ ಹೇಳಿದ್ದರು. ವೆಂಟಿಲೇಟರ್ ಬೇಡ ಅನ್ನುವುದು ನಂಬಿಕೆಗೆ ದ್ರೋಹ ಅಲ್ಲ. ಪ್ರಾಣ ತೆಗೆಯಲೆಂದೇ ಚುಚ್ಚುಮದ್ದು ಕೊಡುವುದನ್ನು ಮಾತ್ರ ಸಭೆ ಒಪ್ಪುವುದಿಲ್ಲ. ನೋವು ಇಳಿಸುವ ಔಷಧಿ, ಮೈ ಒರೆಸುವುದು, ಬಾಯಿಗೆ ನೀರು, ಪಕ್ಕದಲ್ಲಿ ಒಬ್ಬರು, ಇವು ಕೊನೆಯ ತನಕ ನಡೆಯಬೇಕು. ಮನೆಯವರು ಇದನ್ನು ಐ.ಸಿ.ಯು. ಬಾಗಿಲಲ್ಲಿ ನಿಂತು ಚರ್ಚಿಸುವ ಬದಲು, ಅಜ್ಜ ಹುಷಾರಾಗಿ ಕಾಫಿ ಕುಡಿಯುತ್ತಿರುವಾಗಲೇ ಕೇಳಿಬಿಡುವುದು ಒಳ್ಳೆಯದು.

ಮರೆವಿನ ಕಾಯಿಲೆ ಬಂದವರ ಮನೆಯಲ್ಲಿ ಪ್ರಶ್ನೆ ಬೇರೆ. ದೇವರನ್ನೇ ಮರೆತರೆ ಏನು ಗತಿ? ಮಗನ ಹೆಸರು ಮರೆತವರೂ ‘ಪರಲೋಕದಲ್ಲಿರುವ ನಮ್ಮ ತಂದೆಯೇ’ ಅಂತ ಯಾರಾದರೂ ಶುರು ಮಾಡಿದರೆ ಜೊತೆಗೆ ತುಟಿ ಅಲ್ಲಾಡಿಸುವುದುಂಟು. ಎಷ್ಟೋ ವರ್ಷ ದಿನಾ ಹೇಳಿದ ಮಾತು ಬೇಗ ಹೋಗಲ್ಲ. ಅದೂ ಹೋದರೆ? ತಾಯಿ ಹಸುಗೂಸನ್ನು ಮರೆತಾಳು, ನಾನು ಮರೆಯೆ, ನನ್ನ ಅಂಗೈಯಲ್ಲೇ ನಿನ್ನನ್ನು ಕೆತ್ತಿಕೊಂಡಿದ್ದೇನೆ ಅನ್ನುತ್ತದೆ ಯೆಶಾಯ 49. ನಂಬಿಕೆ ನಮ್ಮ ನೆನಪಿನ ಮೇಲೆ ನಿಂತಿಲ್ಲ, ಅವನ ನೆನಪಿನ ಮೇಲೆ ನಿಂತಿದೆ ಅನ್ನುವುದು ಇದರ ಅರ್ಥ.

ಸತ್ತ ಮೇಲೆ ಏನು ಅನ್ನುವುದರಲ್ಲೂ ಮೈಗೆ ಮರ್ಯಾದೆ ಇದೆ. ಮೈ ಬರೀ ಕಳಚಿ ಎಸೆಯುವ ವಸ್ತು ಅಂತ ಕ್ರೈಸ್ತರು ಹೇಳುವುದಿಲ್ಲ. ‘ಶರೀರದ ಪುನರುತ್ಥಾನವನ್ನು ನಂಬುತ್ತೇನೆ’ ಅಂತ ವಿಶ್ವಾಸ ಪ್ರಮಾಣದಲ್ಲಿ ಹೇಳುತ್ತಾರೆ. ದೌರ್ಬಲ್ಯದಲ್ಲಿ ಬಿತ್ತಿದ್ದು ಬಲದಲ್ಲಿ ಏಳುತ್ತದೆ ಅನ್ನುತ್ತಾನೆ ಪೌಲ. ಚಿತ್ರದುರ್ಗದ ಕೋಟೆ ಹತ್ತಿ ಇಳಿದ ಕಾಲು ಈಗ ಮೂರು ಮೆಟ್ಟಿಲಿಗೆ ಸೋತರೂ, ಆ ಕಾಲನ್ನು ತೊಳೆಯುವ, ಒರೆಸುವ, ಎಣ್ಣೆ ಹಚ್ಚುವ ಕೆಲಸಕ್ಕೆ ಬೆಲೆ ಬರುವುದು ಈ ನಂಬಿಕೆಯಿಂದಲೇ.

ಆ ಮೂರು ಮೆಟ್ಟಿಲಿನ ವಿಷಯ ಬಂದಿದ್ದಕ್ಕೆ ಹೇಳುತ್ತೇನೆ: ಪೋಪ್ ಫ್ರಾನ್ಸಿಸ್ 2021ರಲ್ಲಿ ಜುಲೈನ ನಾಲ್ಕನೇ ಭಾನುವಾರವನ್ನು ಅಜ್ಜ ಅಜ್ಜಿಯರ ಮತ್ತು ಹಿರಿಯರ ವಿಶ್ವ ದಿನ ಅಂತ ಮಾಡಿದರು. ಆ ದಿನ ಶಾಲು ಹೊದಿಸಿ ಫೋಟೋ ತೆಗೆಯುವುದು ಸುಲಭ. ಬದಿಗೆ ಒಂದು ಇಳಿಜಾರು ಕಟ್ಟಿ, ಕಬ್ಬಿಣದ ಹಿಡಿಕೆ ಹಾಕಿಸುವುದು ಅದಕ್ಕಿಂತ ಮುಖ್ಯ. ಮೈಕಿನ ಗುಂಯ್ ಶಬ್ದ ಸರಿಪಡಿಸಿದರೆ ಪ್ರಸಂಗವಾದರೂ ಕೇಳಿಸುತ್ತದೆ. ಮನೆಗೆ ಪರಮಪ್ರಸಾದ (ಪೂಜೆಯಲ್ಲಿ ಕೊಡುವ ಪವಿತ್ರ ರೊಟ್ಟಿ) ಬೇಕು ಅಂದರೆ ಫಾದರಿಗೆ ತಿಳಿಸಿ, ಕೇಳಿದರೆ ತರುತ್ತಾರೆ.

ಇನ್ನೊಂದು. ತಪಸ್ಸುಕಾಲ ಬಂದರೆ ಸಕ್ಕರೆ ಕಾಯಿಲೆಯ ಅಜ್ಜಿಯರು ಖಾಲಿ ಹೊಟ್ಟೆಯಲ್ಲಿ ಮಾತ್ರೆ ನುಂಗಿ ಉಪವಾಸ ಮಾಡುತ್ತಾರೆ. ಕಥೋಲಿಕ ಸಭೆಯ ನಿಯಮದಲ್ಲಿ ಉಪವಾಸ ಕಡ್ಡಾಯ ಇರುವುದು 18ರಿಂದ 59 ತುಂಬುವ ತನಕ ಮಾತ್ರ. ಪರಮಪ್ರಸಾದಕ್ಕೆ ಮುಂಚೆ ಒಂದು ಗಂಟೆ ಏನೂ ತಿನ್ನಬಾರದು ಅನ್ನುವ ನಿಯಮವೂ ವಯಸ್ಸಾದವರಿಗೆ, ಕಾಯಿಲೆಯವರಿಗೆ, ಅವರನ್ನು ನೋಡಿಕೊಳ್ಳುವವರಿಗೆ ಇಲ್ಲ. ಇದನ್ನು ಫಾದರ್ ಬಾಯಿಂದಲೇ ಹೇಳಿಸಿ. ಮಕ್ಕಳು ಹೇಳಿದರೆ ಅಜ್ಜಿಯರು ಕೇಳಲ್ಲ.